ಕ್ಲಿಕ್ಕನ್ನು ಬೈಯುವ ಮೊದಲು ಅದಕ್ಕೆ ನಂಬರ್ ಇಟ್ಟವರನ್ನು ಕೇಳಿ

ಸಂಪಾದಕರೇ, ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಸಂಗೀತದ ಲೇಖನ ಓದಿದೆ. ಈಗಿನ ಹಾಡುಗಳಲ್ಲಿ ಜೀವವೇ ಇಲ್ಲ, ಎಲ್ಲ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದೆ, ಇದಕ್ಕೆಲ್ಲ ಕಾರಣ ಕ್ಲಿಕ್ ಟ್ರ್ಯಾಕ್, ಅಂದರೆ ರೆಕಾರ್ಡಿಂಗಿನಲ್ಲಿ ನುಡಿಸುವವರ ಕಿವಿಗೆ ಕೊಡುವ ಟಿಕ್ ಟಿಕ್ ಸದ್ದು, ಅಂತ ಲೇಖಕರು ಬರೆದಿದ್ದಾರೆ. ಕಂಪ್ಯೂಟರ್ ಬಂತು, ಕ್ಲಿಕ್ ತಂತು, ಲಯದ ಕತ್ತು ಹಿಸುಕಿತು ಅನ್ನೋದು ಅವರ ವಾದ. ಓದುತ್ತಾ ಎರಡು ಸಲ ತಲೆ ಆಡಿಸಿದೆ, ಮೂರು ಸಲ ಪೇಪರ್ ಕೆಳಗಿಟ್ಟೆ. ಉಸಿರಾಡುವ ಲಯ ಅಂದರೆ ಹೀಗಿರಬೇಕು ಅಂತ ಅವರು ಒಂದು ಹಾಡಿನ ಉದಾಹರಣೆಯನ್ನೂ ಕೊಟ್ಟಿದ್ದಾರೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಇಪ್ಪತ್ತೆಂಟು ವರ್ಷದಿಂದ ರೆಕಾರ್ಡಿಂಗ್‌ಗಳಲ್ಲಿ ತಬಲಾ ನುಡಿಸುತ್ತಿದ್ದೇನೆ. ಅದರಲ್ಲಿ ಮುಕ್ಕಾಲು ಭಾಗ ಈ ಕ್ಲಿಕ್ಕನ್ನು ಕಿವಿಯಲ್ಲಿ ಇಟ್ಟುಕೊಂಡೇ ಕಳೆದಿದ್ದೇನೆ. ಅದನ್ನು ಬೈದಷ್ಟು ನಾನು ಯಾರನ್ನೂ ಬೈದಿಲ್ಲ. ಆದರೂ ಈ ಸಲ ಅದರ ಪರವಾಗಿ ಎರಡು ಮಾತು ಹೇಳಬೇಕು ಅನಿಸಿತು. ತಪ್ಪು ಯಾರದ್ದೋ, ಏಟು ತಿನ್ನುತ್ತಿರುವುದು ಇನ್ಯಾರೋ.

ಕ್ಲಿಕ್ ಟ್ರ್ಯಾಕ್ ಅಂದರೆ ದೊಡ್ಡ ವಿಷಯ ಏನಲ್ಲ. ರೆಕಾರ್ಡಿಂಗ್ ಮಾಡುವಾಗ ನುಡಿಸುವವರ ಹೆಡ್‌ಫೋನ್‌ನಲ್ಲಿ ಮಾತ್ರ ಟಿಕ್ ಟಿಕ್ ಅಂತ ಒಂದೇ ಸಮನೆ ಸದ್ದು ಬರುತ್ತಿರುತ್ತದೆ. ನಿಮಿಷಕ್ಕೆ 60 ಅಂತ ಇಟ್ಟರೆ ಸೆಕೆಂಡಿಗೆ ಒಂದು. 120 ಅಂತ ಇಟ್ಟರೆ ಸೆಕೆಂಡಿಗೆ ಎರಡು. ಆ ನಂಬರಿಗೆ ನಾವು ಬಿಪಿಎಂ ಅನ್ನುತ್ತೇವೆ. ನುಡಿಸುವವರು ಅದನ್ನು ಹಿಡಿದುಕೊಂಡು ಹೋಗಬೇಕು. ನೀವು ಹಾಡು ಕೇಳುವ ಹೊತ್ತಿಗೆ ಟಿಕ್ ಟಿಕ್ ಇರುವುದಿಲ್ಲ, ನುಡಿಸಿದ್ದು ಮಾತ್ರ ಉಳಿದಿರುತ್ತದೆ. ಮನೆ ಕಟ್ಟುವಾಗ ಗಾರೆಯವರು ಹಿಡಿಯುವ ದಾರ ಇದೆಯಲ್ಲ, ಹಾಗೆ.

ಶುರುವಿನ ವರ್ಷಗಳಲ್ಲಿ ನಮಗೆ ಈ ದಾರ ಇರಲಿಲ್ಲ. ಹಾಡುವವರು, ಪಿಟೀಲು, ಕೊಳಲು, ತಬಲಾ, ಎಲ್ಲರೂ ಒಂದೇ ಕೋಣೆಯಲ್ಲಿ ಕೂರುತ್ತಿದ್ದೆವು. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿಂದ. ಲಯ ಹಿಡಿಯುತ್ತಿದ್ದುದು ಒಬ್ಬರ ಮುಖ ಒಬ್ಬರು ನೋಡಿಕೊಂಡು. ನಾನು ಹಾಡುವವರ ಗದ್ದ ನೋಡುತ್ತಿದ್ದೆ. ಸಾಲು ಮುಗಿಸಿ ಉಸಿರು ಎಳೆಯುವಾಗ ಗದ್ದ ಚೂರು ಮೇಲೆ ಬರುತ್ತದೆ. ಅದು ಇಳಿಯುವ ಹೊತ್ತಿಗೆ ಸಮ, ಅಂದರೆ ತಾಳದ ಮೊದಲ ಪೆಟ್ಟು, ಬೀಳಬೇಕು. ಅಷ್ಟೇ ನಮ್ಮ ಕ್ಲಿಕ್.

ಆಮೇಲೆ ಒಂದು ದಿನ ರೆಕಾರ್ಡಿಂಗಿಗೆ ಹೋದರೆ ಒಳಗೆ ಯಾರೂ ಇಲ್ಲ. ಗಾಜಿನ ಆಚೆ ಒಬ್ಬ ಹುಡುಗ, ಸೌಂಡ್ ಇಂಜಿನಿಯರ್, ಕೂತಿದ್ದ.

‘ಬೇರೆಯವರೆಲ್ಲ ಎಲ್ಲಪ್ಪಾ?’

‘ಅವರದ್ದು ಆಮೇಲೆ ಸರ್. ಮೊದಲು ನಿಮ್ಮದು.’

‘ಹಾಡೇ ಇಲ್ಲದೆ ಏನು ನುಡಿಸ್ಲಿ?’

‘ಕ್ಲಿಕ್ ಕೊಡ್ತೀನಿ ಸರ್. ಜೊತೆಗೆ ಒಂದು ಟ್ರ್ಯಾಕ್ ವಾಯ್ಸ್ ಇದೆ.’

ಹೆಡ್‌ಫೋನ್ ಹಾಕಿಕೊಂಡೆ. ಗಾಜಿನ ಲೋಟಕ್ಕೆ ಚಮಚದಲ್ಲಿ ಬಡಿದ ಹಾಗೆ ಚೂಪಾದ ಸದ್ದು. ಅದರ ಜೊತೆ ಯಾರೋ ಅಂದಾಜಿಗೆ ಗುನುಗಿದ ಹಾಡು. ನುಡಿಸೋಕೆ ಶುರು ಮಾಡಿದೆ. ನಾಲ್ಕು ಆವರ್ತನ, ಅಂದರೆ ತಾಳದ ನಾಲ್ಕು ಸುತ್ತು, ಆಗುವಷ್ಟರಲ್ಲಿ ಆ ಟಿಕ್ ಹಿಂದೆ ಹಿಂದೆ ಬೀಳತೊಡಗಿತು. ನಾನು ನಿಲ್ಲಿಸಿ, ‘ನಿನ್ನ ಮಷೀನ್ ಜಗ್ಗುತ್ತಿದೆ ನೋಡಪ್ಪಾ’ ಅಂದೆ. ಆಗ ಲಯ ಗಟ್ಟಿ ಅಂತ ನನಗೆ ಸ್ವಲ್ಪ ಹೆಸರಿತ್ತು. ಹುಡುಗ ಪಾಪ ನಗಲಿಲ್ಲ. ಏನೂ ಹೇಳದೆ ನಾನು ನುಡಿಸಿದ್ದನ್ನೂ ಕ್ಲಿಕ್ಕನ್ನೂ ಒಟ್ಟಿಗೆ ಹಾಕಿ ಕೇಳಿಸಿದ. ಮೊದಲ ಸಾಲು ಸರಿ ಇತ್ತು. ಸಾಲಿನ ಕೊನೆಗೆ ನಾನು ಒಂದು ಸಣ್ಣ ತಿಹಾಯಿ, ಅಂದರೆ ಒಂದೇ ತುಣುಕನ್ನು ಮೂರು ಸಲ ನುಡಿಸಿ ಮುಗಿಸುವುದು, ಹಾಕಿದ್ದೆ. ಅಲ್ಲಿಂದ ಶುರು. ಟಕ್-ಕ, ಟಕ್-ಕ ಅಂತ ಎರಡು ಸದ್ದೂ ಒಡೆದುಕೊಂಡು, ಕಾಲು ಉಳುಕಿದ ಕುದುರೆ ಓಡಿದ ಹಾಗೆ. ಪ್ರತೀ ತಿಹಾಯಿಯಲ್ಲೂ ನಾನು ಓಡುತ್ತಿದ್ದೆ. ಕೈಗೆ ಖುಷಿ ಆದ ಕಡೆಯೆಲ್ಲ ಓಡುತ್ತಿದ್ದೆ. ಅಷ್ಟು ವರ್ಷ ಯಾರೂ ಹೇಳಿರಲಿಲ್ಲ. ಹೇಳೋದು ಹೇಗೆ, ನನ್ನ ಜೊತೆ ಅವರೂ ಓಡಿ ಬರುತ್ತಿದ್ದರಲ್ಲ.

ಮತ್ತೆ ನುಡಿಸಿದೆ. ಮತ್ತೆ, ಮತ್ತೆ. ಹನ್ನೊಂದನೇ ಟೇಕಿನಲ್ಲಿ ಒಂದು ವಿಚಿತ್ರ ಆಯಿತು. ಹಾಡಿನ ಮಧ್ಯೆ ಕ್ಲಿಕ್ ನಿಂತುಹೋಯಿತು. ವೈರ್ ಕಿತ್ತು ಬಂತೇನೋ ಅಂತ ಕೈ ಎತ್ತಿದೆ. ‘ಕ್ಲಿಕ್ ಬರ್ತಿಲ್ಲ.’

‘ಬರ್ತಿದೆ ಸರ್. ನೀವು ಅದರ ಮೇಲೇ ಕೂತಿದ್ರಿ.’

ನನ್ನ ಪೆಟ್ಟು ಸರಿಯಾಗಿ ಅದರ ಮೇಲೆ ಬಿದ್ದು ಅದನ್ನು ಮುಚ್ಚಿತ್ತು. ಅದು ಕೇಳಿಸದೇ ಹೋಗುವುದೇ ಸರಿಯಾಗಿ ನುಡಿಸುತ್ತಿದ್ದೇವೆ ಅನ್ನೋದಕ್ಕೆ ಗುರುತಂತೆ. ಆ ದಿನದ ಒಳ್ಳೇ ಟೇಕ್ ಅದೊಂದೇ. ಅದನ್ನು ಕೈ ಎತ್ತಿ ನಾನೇ ಹಾಳು ಮಾಡಿದೆ.

ಮನುಷ್ಯನ ಕೈ ಹೀಗೆ ಮುಂದೋಡುವುದು ಹೊಸ ವಿಷಯ ಅಲ್ಲ. ಒಂದೇ ಸಮನೆ ಬರುವ ಟಿಕ್ಕಿಗೆ ಬೆರಳು ಬಡಿಯಿರಿ ಅಂದರೆ ಹೆಚ್ಚಿನವರ ಬೆರಳು ಸದ್ದಿಗಿಂತ ಒಂಚೂರು ಮೊದಲೇ ಬೀಳುತ್ತದೆ. ಮನಶ್ಶಾಸ್ತ್ರದವರಿಗೆ ಇದು ನೂರು ವರ್ಷದಿಂದ ಗೊತ್ತು. ಸದ್ದು ಕೇಳಿ ಬಡಿಯೋದಲ್ಲ ನಾವು. ಮುಂದಿನದು ಎಲ್ಲಿ ಬರುತ್ತದೆ ಅಂತ ಊಹಿಸಿ ಬಡಿಯುತ್ತೇವೆ. ಸಂಗೀತ ಕಲಿತವರಲ್ಲಿ ಈ ಅಂತರ ಕಡಿಮೆ, ಕಲಿಯದವರಲ್ಲಿ ಜಾಸ್ತಿ. ಅನುಮಾನ ಇದ್ದರೆ ಗಡಿಯಾರದ ಮುಂದೆ ಕೂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ.

ಇನ್ನು ಕಂಪ್ಯೂಟರ್ ಕ್ಲಿಕ್ಕನ್ನು ತಂತು ಅನ್ನೋ ಮಾತು. ಅದು ಸರಿಯಲ್ಲ. ಕ್ಲಿಕ್ ಕಂಪ್ಯೂಟರಿಗಿಂತ ಹಳೆಯದು. ಅದು ಹುಟ್ಟಿದ್ದು 1920ರ ದಶಕದ ಕೊನೆಗೆ, ಸಿನಿಮಾಕ್ಕೆ ಧ್ವನಿ ಬಂದ ಹೊಸದರಲ್ಲಿ, ಅಮೆರಿಕದ ಕಾರ್ಟೂನ್ ಸಿನಿಮಾ ಮಾಡುವವರ ಕೈಯಲ್ಲಿ. ಡಿಸ್ನಿ ಕಂಪನಿಯಲ್ಲಿ ಸಂಗೀತ ಮಾಡುತ್ತಿದ್ದ ಕಾರ್ಲ್ ಸ್ಟಾಲಿಂಗ್ ಹೆಸರು ಇದರ ಜೊತೆ ಬರುತ್ತದೆ. ಚಿತ್ರದ ಇಲಿ ಕಾಲಿಡುವ ಕ್ಷಣಕ್ಕೇ ಡ್ರಮ್ ಪೆಟ್ಟು ಬೀಳಬೇಕು. ಅದಕ್ಕೆ ಫಿಲ್ಮಿನ ಧ್ವನಿ ಪಟ್ಟಿಯಲ್ಲಿ ಲೆಕ್ಕ ಹಾಕಿ ತೂತು ಹೊಡೆಯುತ್ತಿದ್ದರು. ತೂತು ಓಡಿದಾಗ ‘ಟಪ್’ ಅಂತ ಸದ್ದು. ಅದನ್ನು ವಾದ್ಯದವರ ಕಿವಿಗೆ ಕೊಡುತ್ತಿದ್ದರು. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. 12 ಫ್ರೇಮಿಗೊಂದು ತೂತು ಅಂದರೆ ನಿಮಿಷಕ್ಕೆ 120 ಪೆಟ್ಟು. ವೇಗ ಚೂರು ಬದಲಾಗಬೇಕು ಅಂದರೆ ಒಂದು ಫ್ರೇಮನ್ನು ಎಂಟು ಭಾಗ ಮಾಡಿ ಲೆಕ್ಕ ಹಾಕುತ್ತಿದ್ದರು. ಹಳಬರು ಹನ್ನೆರಡೂ ಮೂರು ಕ್ಲಿಕ್ ಅಂದರೆ 12 ಫ್ರೇಮ್, ಅದರ ಮೇಲೆ ಎಂಟರಲ್ಲಿ ಮೂರು ಪಾಲು. ಕೈಯಲ್ಲಿ ಕತ್ತರಿ, ತೂತು ಹೊಡೆಯುವ ಸಾಧನ, ಮುಂದೆ ಫಿಲ್ಮ್ ಸುರುಳಿ. ಕಂಪ್ಯೂಟರ್ ಎಲ್ಲಿಂದ ಬಂತು?

ಇನ್ನೂ ಹಿಂದೆ ಹೋದರೆ ಮೆಟ್ರೊನೋಮ್, ಇಟ್ಟ ವೇಗಕ್ಕೆ ಟಿಕ್ ಟಿಕ್ ಅನ್ನುವ ಪೆಟ್ಟಿಗೆ. ಆಮ್‌ಸ್ಟರ್‌ಡಾಮಿನಲ್ಲಿ ವಿಂಕೆಲ್ ಅನ್ನುವವರು ಅದರ ಯಂತ್ರ ಕಂಡುಹಿಡಿದರು. ಮೆಲ್ಜೆಲ್ ಅನ್ನುವವರು ಅದಕ್ಕೆ ಅಳತೆಪಟ್ಟಿ ಸೇರಿಸಿ 1815ರಲ್ಲಿ ತಮ್ಮ ಹೆಸರಿಗೆ ಪೇಟೆಂಟ್ ಮಾಡಿಸಿಕೊಂಡರು. ಜರ್ಮನಿಯ ಸಂಗೀತ ರಚನಕಾರ ಬೀಥೋವನ್ 1817ರಲ್ಲಿ ಅಲ್ಲಿಯವರೆಗೆ ತಾವು ಬರೆದಿದ್ದ ಎಂಟು ಸಿಂಫನಿಗಳಿಗೆ, ಅಂದರೆ ದೊಡ್ಡ ವಾದ್ಯವೃಂದದ ರಚನೆಗಳಿಗೆ, ಮೆಟ್ರೊನೋಮಿನ ವೇಗದ ನಂಬರ್ ಹಾಕಿ ಪ್ರಕಟಿಸಿದರು. ಅದರಲ್ಲಿ ಎಷ್ಟೋ ನಂಬರ್ ವಿಪರೀತ ವೇಗದ್ದು, ಹಾಗೆ ನುಡಿಸೋಕೆ ಆಗೋದೇ ಇಲ್ಲ ಅಂತ ಸಂಗೀತಗಾರರು ಇವತ್ತಿಗೂ ಜಗಳ ಆಡುತ್ತಾರೆ. ಇನ್ನು ಕೆಲವರು ಇಲ್ಲ, ಅವರು ಬರೆದದ್ದೇ ಸರಿ ಅಂತ ಹಾಗೇ ನುಡಿಸಿ ತೋರಿಸುತ್ತಾರೆ. ಹಾಡು ಕಟ್ಟಿದವರೇ ಇಟ್ಟ ನಂಬರಿನ ಮೇಲೆ ಇನ್ನೂರು ವರ್ಷ ಜಗಳ! ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ನನ್ನ ತಕರಾರು ಇರುವುದು ಈ ನಂಬರಿನ ಹತ್ತಿರವೇ.

ಕ್ಲಿಕ್ ಯಾಕೆ ಬೇಕು ಅಂತ ಕೇಳಬಹುದು. ಎಲ್ಲರೂ ಒಂದೇ ದಿನ ಒಟ್ಟಿಗೆ ಕೂತು ನುಡಿಸುವುದಾದರೆ ಬೇಡ, ನಾನೂ ಅದನ್ನೇ ಹೇಳುತ್ತೇನೆ. ಆದರೆ ಇವತ್ತು ನಾನು ನುಡಿಸಿ ಹೋಗಿ, ಮುಂದಿನ ತಿಂಗಳು ಇನ್ನೊಂದು ಕಡೆಯಿಂದ ಕೊಳಲಿನವರು ಸೇರಬೇಕಾದರೆ ಏನು ಮಾಡುತ್ತೀರಿ? ಒಂದು ಸಲ ನಮ್ಮಲ್ಲೇ ಒಬ್ಬರು ಕ್ಲಿಕ್ ಬೇಡವೇ ಬೇಡ ಅಂತ ಹಟ ಹಿಡಿದರು. ಹಾಡಿನ ಮಧ್ಯೆ ಎರಡು ಆವರ್ತನ ಪೂರ್ತಿ ಮೌನ, ಆಮೇಲೆ ಕೊಳಲು ಒಂದೇ ಏರಬೇಕು. ಒಟ್ಟಿಗೆ ಇದ್ದಿದ್ದರೆ ಕಣ್ಸನ್ನೆಯಲ್ಲಿ ಆಗಿಬಿಡುತ್ತಿತ್ತು. ಕೊಳಲಿನವರು ಮೂರು ವಾರ ಬಿಟ್ಟು ಬಂದರು. ಮೌನದಲ್ಲಿ ಹಿಡಿದುಕೊಳ್ಳೋಕೆ ಏನೂ ಇಲ್ಲ. ಒಮ್ಮೆ ಮುಂಚೆ ಬಂದರು, ಒಮ್ಮೆ ತಡವಾಗಿ ಬಂದರು. ಕೊನೆಗೆ ನಾನು ಅವರ ಎದುರು ಕೂತು, ಹಳೇ ನೆನಪಿನ ಮೇಲೆ ಸದ್ದಾಗದ ಹಾಗೆ ತೊಡೆ ತಟ್ಟಿ ತೋರಿಸಿದೆ. ಅಂದರೆ ಕ್ಲಿಕ್ ಬೇಡ ಅಂದ ಹಾಡಿಗೆ ನಾನೇ ಕ್ಲಿಕ್ ಆದೆ. ಅದೇ ಹಾಡಿನ ಕೊನೆಯ ಪಲ್ಲವಿಯಲ್ಲಿ ಒಂದು ಪದ ಒಡೆದಿತ್ತು. ಮೊದಲ ಪಲ್ಲವಿಯಿಂದ ಆ ಪದ ತಂದು ಕೂರಿಸೋಣ ಅಂದರೆ ಕೂರಲಿಲ್ಲ. ಅಳೆದು ನೋಡಿದರೆ ಶುರುವಿನಲ್ಲಿ ವೇಗ 84 ಇದ್ದದ್ದು ಕೊನೆಗೆ 91 ಆಗಿತ್ತು. ಕೇಳುವಾಗ ಚೆನ್ನಾಗಿಯೇ ಇತ್ತು, ಅದು ಬೇರೆ ಮಾತು. ಹಾಡು ತಾನಾಗಿ ಏರಿತ್ತು. ಆದರೆ ಕತ್ತರಿಸಿ ಅಂಟಿಸೋ ಕೆಲಸಕ್ಕೆ ಅದು ಒಗ್ಗಲಿಲ್ಲ. ಹಾಡಿದವರನ್ನು ಮತ್ತೆ ಕರೆಸಬೇಕಾಯಿತು.

ಲೇಖಕರು ಹೇಳಿದ ‘ಜೀವ ಹೋದದ್ದು’ ಸುಳ್ಳಲ್ಲ. ನನಗೂ ಆ ಅನುಭವ ಆಗಿದೆ. ಆದರೆ ಅದನ್ನು ಮಾಡಿದ್ದು ಕ್ಲಿಕ್ ಅಲ್ಲ, ಆಮೇಲೆ ನಡೆಯುವ ಇನ್ನೊಂದು ಕೆಲಸ. ಹೊರಗಿನವರಿಗೆ ಎರಡೂ ಒಂದೇ ಅನಿಸುತ್ತದೆ. ನಾವು ನುಡಿಸಿ ಮನೆಗೆ ಹೋದ ಮೇಲೆ ಕೆಲವರು ಆ ರೆಕಾರ್ಡಿಂಗನ್ನು ಪರದೆಯ ಮೇಲೆ ತೆರೆದು, ಒಂದೊಂದು ಪೆಟ್ಟನ್ನೂ ಎಳೆದು ಗೆರೆಗೆ ತಂದು ಕೂರಿಸುತ್ತಾರೆ. ಆ ಗೆರೆಗಳ ಬಲೆಗೆ ಗ್ರಿಡ್ ಅನ್ನುತ್ತಾರೆ. ಒಂದು ಗುಂಡಿ ಒತ್ತಿದರೆ ಇಡೀ ಹಾಡಿನ ಪೆಟ್ಟುಗಳೆಲ್ಲ ಸಾಲಾಗಿ ನಿಲ್ಲುತ್ತವೆ, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ನನಗೆ ಒಂದು ಅಭ್ಯಾಸ ಇದೆ. ನಿಧಾನದ ದಾದ್ರಾ ತಾಳದಲ್ಲಿ ಡಗ್ಗಾದ, ಅಂದರೆ ತಬಲಾ ಜೋಡಿಯಲ್ಲಿ ಎಡಗೈಯದ್ದರ, ಪೆಟ್ಟನ್ನು ಒಂದು ಕೂದಲೆಳೆಯಷ್ಟು ಹಿಂದೆ ಇಡುತ್ತೇನೆ. ಅಂಗೈಯನ್ನು ಚೂರು ಜಾರಿಸಿ ಆ ‘ಗೆ’ ಅನ್ನೋ ನಾದವನ್ನು ಎಳೆಯುತ್ತೇನೆ. ಪರದೆಯಲ್ಲಿ ನೋಡಿದರೆ ಗೆರೆಯಿಂದ ಹತ್ತು ಹದಿನೈದು ಮಿಲಿಸೆಕೆಂಡ್ ಆಚೆ. ಅಂದರೆ ಸೆಕೆಂಡಿನ ನೂರರಲ್ಲಿ ಒಂದು ಒಂದೂವರೆ ಪಾಲು. ಒಂದು ಹಾಡು ಬಿಡುಗಡೆ ಆದ ಮೇಲೆ ಕೇಳಿದೆ. ನಾದ ನನ್ನದೇ, ತಬಲಾ ನನ್ನದೇ. ಆದರೆ ಕೈ ಯಾರದ್ದೋ. ಎಳೆದಿದ್ದ ‘ಗೆ’ಗಳನ್ನೆಲ್ಲ ಮುಂದಕ್ಕೆ ತಂದು ಗೆರೆಗೆ ಅಂಟಿಸಿದ್ದರು. ಫೋನ್ ಮಾಡಿ ಕೇಳಿದರೆ, ‘ಸ್ವಲ್ಪ ಲೇಟ್ ಇತ್ತು ಸರ್, ಸರಿ ಮಾಡಿದ್ವಿ’ ಅಂದರು. ಏನು ಹೇಳಲಿ?

ಈ ವಿಷಯದಲ್ಲಿ 2011ರಲ್ಲಿ ಜರ್ಮನಿಯ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಘಾನಾದ ಒಬ್ಬ ನುರಿತ ಡ್ರಮ್ ವಾದಕರ ಕೈ ಮೆಟ್ರೊನೋಮ್ ಜೊತೆ ಎಷ್ಟು ಆಚೀಚೆ ಆಗುತ್ತದೆ ಅಂತ ಅಳೆದರು. ಆ ಆಚೀಚೆ ಸುಮ್ನೆ ಎಲ್ಲೆಂದರಲ್ಲಿ ಆಗೋದಲ್ಲ, ಹಿಂದೆ ಆದದ್ದರ ನೆರಳು ಮುಂದೆ ತುಂಬಾ ಹೊತ್ತು ಬೀಳುತ್ತದೆ ಅಂತ ಕಂಡಿತು. ಆಮೇಲೆ ಕೇಳುಗರಿಗೆ ಎರಡು ಥರ ಮಾಡಿ ಕೇಳಿಸಿದರು. ಒಂದರಲ್ಲಿ ಲೆಕ್ಕವಿಲ್ಲದ ಏರುಪೇರು, ಇನ್ನೊಂದರಲ್ಲಿ ಮನುಷ್ಯರ ಕೈಯಲ್ಲಿ ಬರುವಂಥ, ಒಂದಕ್ಕೊಂದು ಸಂಬಂಧ ಇರುವ ಏರುಪೇರು. ಕೇಳುಗರಿಗೆ ಹಿಡಿಸಿದ್ದು ಎರಡನೆಯದು. ಆ ವಾದಕರು ನುಡಿಸಿದ್ದು ಮೆಟ್ರೊನೋಮ್ ಇಟ್ಟುಕೊಂಡು ಅನ್ನೋದನ್ನು ಗಮನಿಸಿ. ಟಿಕ್ ಇದ್ದಾಗಲೂ ಕೈಯ ಜೀವ ಕೈಯಲ್ಲೇ ಇತ್ತು. ಅದನ್ನು ತೆಗೆಯೋದು ಗ್ರಿಡ್ಡಿಗೆ ಎಳೆಯುವವರು.

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ.

ರೆಕಾರ್ಡಿಂಗ್ ಕೋಣೆಯ ಬಾಡಿಗೆ ಗಂಟೆ ಲೆಕ್ಕದಲ್ಲಿ. ಎಲ್ಲರಿಗೂ ಅವಸರ. ಒಳಗೆ ಹೋದ ಕೂಡಲೇ ಮೊದಲ ಪ್ರಶ್ನೆ, ‘ಬಿಪಿಎಂ ಎಷ್ಟು ಇಡಲಿ?’ ಸಂಗೀತ ಮಾಡಿದವರು ಎರಡು ಸಲ ಚಿಟಿಕೆ ಹೊಡೆದು, ‘ಒಂದು ಎಪ್ಪತ್ತಾರು ಇಡು’ ಅನ್ನುತ್ತಾರೆ. ಮುಗಿಯಿತು. ಆ ಹಾಡು ಇರುವವರೆಗೂ ಅದಕ್ಕೆ 76. ಶ್ರುತಿಗೆ ಇಷ್ಟು ಅವಸರ ಮಾಡುವುದಿಲ್ಲ. ಅರ್ಧ ಸ್ವರ ಕೆಳಗೆ ನೋಡೋಣವಾ, ಮೇಲೆ ನೋಡೋಣವಾ ಅಂತ ಹಾಡುವವರನ್ನು ಹತ್ತು ಸಲ ಕೇಳುತ್ತಾರೆ. ವೇಗಕ್ಕೆ ಮಾತ್ರ ಎರಡು ಚಿಟಿಕೆ. ಅದೂ ಬಂದ ದಿನದ ಗಡಿಬಿಡಿಯಲ್ಲಿ, ಎದೆ ಬಡಿತ ಜೋರಾಗಿದ್ದಾಗ ಹೊಡೆದ ಚಿಟಿಕೆ. ಗಾಡಿ ನಿಲ್ಲಿಸಿ ಮೆಟ್ಟಿಲು ಹತ್ತಿ ಬಂದವರ ಚಿಟಿಕೆ ಯಾವಾಗಲೂ ಹಾಡಿಗಿಂತ ಎರಡು ಹೆಜ್ಜೆ ಮುಂದೆ ಇರುತ್ತದೆ. ನಾನು ಸುಮಾರು ಸಲ ನೋಡಿದ್ದೇನೆ.

ಒಂದು ಅಗಲಿಕೆಯ ಹಾಡು. ಹಾಡುವವರು ನನಗಿಂತ ದೊಡ್ಡವರು, ಅಕ್ಕ ಅಂತ ಕರೆಯುತ್ತೇನೆ. ನಂಬರ್ ಅದೇ 76. ನಾನು ಕೆಹರ್ವಾ ತಾಳ ನುಡಿಸಿ ಮುಗಿಸಿದ್ದೆ. ಅಕ್ಕ ಹಾಡೋಕೆ ನಿಂತರು. ಸ್ವರ ಸರಿ, ಪದ ಸರಿ. ಆದರೆ ಪ್ರತೀ ಸಾಲಿನ ಕೊನೇ ಅಕ್ಷರವನ್ನು ಅರ್ಧಕ್ಕೇ ಕತ್ತರಿಸಿ ಮುಂದಿನ ಸಾಲಿಗೆ ಹಾರುತ್ತಿದ್ದರು. ಆರು ಟೇಕ್ ಆಯಿತು. ಇಂಜಿನಿಯರ್ ಮೆಲ್ಲಗೆ, ‘ಅಕ್ಕನಿಗೆ ಇವತ್ತು ಗಂಟಲು ಸರಿ ಇಲ್ಲ ಅನಿಸುತ್ತೆ’ ಅಂದ. ಅಕ್ಕ ಹೆಡ್‌ಫೋನ್ ತೆಗೆದಿಟ್ಟು, ‘ಗಂಟಲಿಗೆ ಏನೂ ಆಗಿಲ್ಲ ಮಾರಾಯ, ಉಸಿರು ತಗೊಳ್ಳೋಕೆ ಜಾಗವೇ ಇಲ್ಲ ಇದರಲ್ಲಿ’ ಅಂದರು.

ನಾನು ಹೇಳಿದೆ, ‘ಅಕ್ಕಾ, ಕ್ಲಿಕ್ಕೂ ಬೇಡ, ತಬಲಾನೂ ಬೇಡ. ಸುಮ್ನೆ ಕೂತ್ಕೊಂಡು ಒಂದು ಸಲ ಹಾಡಿ.’ ಅಕ್ಕ ಕುರ್ಚಿಯಲ್ಲಿ ಕೂತರು, ಕಣ್ಣು ಮುಚ್ಚಿಕೊಂಡು ಪಲ್ಲವಿ, ಚರಣ ಎರಡೂ ಹಾಡಿದರು. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಕೇಳಿಕೊಂಡು ತೊಡೆಯ ಮೇಲೆ ಪೆಟ್ಟು ಎಣಿಸಿದರೆ ಪಲ್ಲವಿ ನಿಮಿಷಕ್ಕೆ 71.

76ಕ್ಕೂ 71ಕ್ಕೂ ಏನು ಮಹಾ ವ್ಯತ್ಯಾಸ ಅನ್ನಬೇಡಿ. 76ರಲ್ಲಿ ಒಂದು ಪೆಟ್ಟಿನಿಂದ ಇನ್ನೊಂದು ಪೆಟ್ಟಿಗೆ 789 ಮಿಲಿಸೆಕೆಂಡ್. 71ರಲ್ಲಿ 845. ಒಂದೊಂದು ಪೆಟ್ಟಿಗೆ 56 ಜಾಸ್ತಿ. ಎಂಟು ಪೆಟ್ಟಿನ ಸಾಲಿಗೆ ಸೇರಿಸಿ ನೋಡಿ, ಹತ್ತಿರ ಹತ್ತಿರ ಅರ್ಧ ಸೆಕೆಂಡ್. ಆ ಅರ್ಧ ಸೆಕೆಂಡಿನಲ್ಲೇ ಮನುಷ್ಯರು ಉಸಿರು ಎಳೆಯೋದು. ಎರಡು ಚಿಟಿಕೆಯ ಅವಸರದಲ್ಲಿ ನಾವು ಅಕ್ಕನ ಉಸಿರನ್ನೇ ತೆಗೆದುಬಿಟ್ಟಿದ್ದೆವು.

ನಾನು ನುಡಿಸಿದ್ದನ್ನು ಅಳಿಸಿಬಿಡು ಅಂದೆ. ಇಂಜಿನಿಯರ್ ಗಡಿಯಾರ ನೋಡಿದ. ‘ಬೇಡ ಸರ್, ಇದನ್ನೇ ಎಳೆದು ನಿಧಾನ ಮಾಡ್ತೀನಿ, ಎರಡು ನಿಮಿಷದ ಕೆಲಸ.’ ಮಾಡಿ ಕೇಳಿಸಿದ. ತಬಲಾದ ‘ನಾ’ ನೀರಲ್ಲಿ ನೆಂದ ಹಾಗೆ ಕೇಳಿತು. ಮತ್ತೆ ನುಡಿಸಿದೆ. ಈ ಸಲ ಇಡೀ ಹಾಡಿಗೆ ಒಂದೇ ನಂಬರ್ ಇಡಲಿಲ್ಲ. ಅಕ್ಕ ಫೋನಿನಲ್ಲಿ ಹಾಡಿದ ಹಾಗೇ ಪಲ್ಲವಿಗೆ 71, ಚರಣ ಏರುವ ಕಡೆ ನಿಧಾನಕ್ಕೆ 73, ಮತ್ತೆ ಇಳಿದು 71. ಇದಕ್ಕೆ ಟೆಂಪೋ ಮ್ಯಾಪ್ ಅನ್ನುತ್ತಾರೆ. ಕ್ಲಿಕ್ ಅಂದರೆ ಒಂದೇ ವೇಗ ಅಂತ ಯಾರು ಹೇಳಿದರು? ಅದು ಹೇಳಿದ ಮಾತು ಕೇಳುತ್ತದೆ. ಹೇಳೋಕೆ ನಮಗೆ ಪುರುಸೊತ್ತಿಲ್ಲ, ಅಷ್ಟೆ. ಕೊನೇ ಸಾಲಿನ ಕೊನೇ ಪದ ಮುಗಿಯುತ್ತಿದ್ದ ಹಾಗೇ ಕ್ಲಿಕ್ ನಿಲ್ಲಿಸಿ, ಅಲ್ಲಿಂದ ಮುಂದಿನ ಆಲಾಪವನ್ನು ಅಕ್ಕ ತಮಗೆ ಬೇಕಾದ ಹಾಗೆ ಹಾಡಿ ಮುಗಿಸಲಿ ಅಂತ ಮಾತಾಯಿತು. ಎರಡನೇ ಟೇಕಿಗೇ ಹಾಡು ಸಿಕ್ಕಿತು.

ಅವತ್ತಿಂದ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ನಂಬರ್ ಇಡುವ ಮೊದಲು ಹಾಡುವವರಿಂದ ಕ್ಲಿಕ್, ತಬಲಾ ಏನೂ ಇಲ್ಲದೆ ಹಾಡಿಸುತ್ತೇನೆ. ಅದೂ ರೆಕಾರ್ಡಿಂಗ್ ದಿನದ ಗಡಿಬಿಡಿಯಲ್ಲಿ ಅಲ್ಲ, ಹಿಂದಿನ ದಿನವೇ ಹಾಡಿ ಕಳಿಸಿ ಅನ್ನುತ್ತೇನೆ. ಪಲ್ಲವಿ ಒಂದೇ ಸಾಲದು, ಚರಣವೂ ಬೇಕು, ಯಾಕೆಂದರೆ ಪದ ಜಾಸ್ತಿ ಇರೋದು ಅಲ್ಲೇ. ಕೆಲವರು ಮುಖ ಸಿಂಡರಿಸುತ್ತಾರೆ. ನಾನು ಹಟ ಬಿಡುವುದಿಲ್ಲ.

ಕ್ಲಿಕ್ಕಿನ ಬೇರೆ ಕಿರಿಕಿರಿಗಳೂ ಇವೆ. ಅದರ ಪರ ಮಾತಾಡುತ್ತೇನೆ ಅಂದ ಮಾತ್ರಕ್ಕೆ ಅವನ್ನು ಮುಚ್ಚಿಡಲ್ಲ. ಯಾವ ಸಾಫ್ಟ್‌ವೇರ್ ತೆರೆದರೂ ಅದು ನಾಲ್ಕರ ಲೆಕ್ಕದಲ್ಲೇ ಶುರು ಆಗುತ್ತದೆ. ನಾಲ್ಕಕ್ಕೊಂದು ಟಿಕ್ ಜೋರು, ಉಳಿದ ಮೂರು ಮೆತ್ತಗೆ. ನಾನು ಏಳು ಮಾತ್ರೆಯ, ಅಂದರೆ ಏಳು ಎಣಿಕೆಯ, ರೂಪಕ್ ತಾಳ ನುಡಿಸಬೇಕು. ತೀ ತೀ ನಾ, ಧಿ ನಾ, ಧಿ ನಾ. ಮೂರು, ಎರಡು, ಎರಡು. ಜೋರು ಟಿಕ್ ಒಮ್ಮೆ ಮೊದಲನೇ ಮಾತ್ರೆಗೆ, ಆಮೇಲೆ ಐದಕ್ಕೆ, ಆಮೇಲೆ ಮುಂದಿನ ಆವರ್ತನದ ಎರಡಕ್ಕೆ. ಅದೂ ನಾನೂ ಮತ್ತೆ ಸೇರೋದು 28 ಮಾತ್ರೆ ಕಳೆದ ಮೇಲೆ. ಪಕ್ಕದಲ್ಲಿ ಕೂತು ಯಾರೋ ತಪ್ಪು ತಾಳ ಹಾಕುತ್ತಿದ್ದರೆ ಹೇಗಿರುತ್ತದೆ, ಹಾಗೆ. ‘ಏಳು ಮಾಡಪ್ಪಾ’ ಅಂದರೆ ಮೊದಲ ಮಾತ್ರೆಗೆ ಜೋರು ಟಿಕ್ ಇಟ್ಟು ಕೊಡುತ್ತಾರೆ. ರೂಪಕ್‌ನಲ್ಲಿ ಸಮವೇ ಖಾಲಿ. ಮೆತ್ತಗೆ ಬರಬೇಕಾದ ಜಾಗಕ್ಕೇ ಸುತ್ತಿಗೆ ಏಟು! ಈಗ ನಾನು ಸೀದಾ ಹೇಳಿಬಿಡುತ್ತೇನೆ. ಜೋರು, ಮೆತ್ತಗೆ ಯಾವುದೂ ಬೇಡ. ಎಲ್ಲ ಟಿಕ್ಕೂ ಒಂದೇ ಥರ ಇರಲಿ, ತಾಳ ನನ್ನ ತಲೆಯಲ್ಲಿದೆ.

ತುಂಬಾ ನಿಧಾನದ ಹಾಡಿಗೆ ಇನ್ನೊಂದು ಕಷ್ಟ. 40ಕ್ಕೆ ಇಟ್ಟರೆ ಎರಡು ಟಿಕ್ಕಿನ ನಡುವೆ ಒಂದೂವರೆ ಸೆಕೆಂಡ್ ಖಾಲಿ. ಅಷ್ಟು ದೂರ ಕಣ್ಣು ಕಟ್ಟಿಕೊಂಡು ನಡೆದ ಹಾಗೆ. ಮಧ್ಯೆ ಒಂದು ಸಣ್ಣ ಟಿಕ್ ಹಾಕಿಸಿಕೊಂಡು 80 ಮಾಡಿಕೊಂಡರೆ ಹಾಡೂ ಅದೇ, ವೇಗವೂ ಅದೇ, ಕೈ ಮಾತ್ರ ನಡುಗುವುದಿಲ್ಲ. ಹುಡುಗರಿಗೆ ಇದನ್ನು ಹೇಳಿಕೊಟ್ಟರೆ ಕಣ್ಣರಳಿಸುತ್ತಾರೆ. ಸದ್ದಿನ ಮಟ್ಟವೂ ನೋಡಿಕೊಳ್ಳಬೇಕು. ಡ್ರಮ್ ನುಡಿಸುವವರು ತಮ್ಮ ಸದ್ದಿನ ಮೇಲೆ ಕೇಳಲಿ ಅಂತ ಕ್ಲಿಕ್ಕನ್ನು ಏರಿಸುತ್ತಾ ಏರಿಸುತ್ತಾ ಹೋಗುತ್ತಾರೆ. ರಾತ್ರಿ ಮಲಗಿದರೆ ಕಿವಿಯಲ್ಲಿ ಗುಂಯ್. ನನಗೆ ಎಡಗಿವಿಯಲ್ಲಿ ಒಂದು ಸಣ್ಣ ಶಿಳ್ಳೆ ಈಗ ಕಾಯಂ ಆಗಿದೆ.

ಹಾಡುವವರ ಕಿವಿಗೆ ಮಾತ್ರ ಬರೀ ಕ್ಲಿಕ್ ಕೊಡಲೇಬಾರದು ಅನ್ನೋದು ನನ್ನ ಅಭಿಪ್ರಾಯ. ಮೊದಲು ನಾನು ಕ್ಲಿಕ್ ಹಿಡಿದು ನುಡಿಸುತ್ತೇನೆ. ಆಮೇಲೆ ಕ್ಲಿಕ್ ತೆಗೆದು ನನ್ನ ತಬಲಾವನ್ನು ಅವರ ಕಿವಿಗೆ ಕೊಡಲಿ. ಟಿಕ್ಕಿನ ಜೊತೆ ಹಾಡಿದವರು ಟಿಕ್ಕಿನ ಹಾಗೇ ಹಾಡುತ್ತಾರೆ. ಇನ್ನೊಂದು ಕಾರಣವೂ ಇದೆ. ಹಾಡುವವರಿಗೆ ತಮ್ಮ ದನಿ ಕೇಳಬೇಕು ಅಂತ ಹೆಡ್‌ಫೋನಿನ ಒಂದು ಬದಿ ಕಿವಿಯಿಂದ ಸರಿಸಿಕೊಳ್ಳುವ ಅಭ್ಯಾಸ. ಆ ಸಂದಿಯಿಂದ ಕ್ಲಿಕ್ ಸೋರಿ ಮೈಕಿಗೆ ಬೀಳುತ್ತದೆ. ವಾದ್ಯಗಳು ತುಂಬಿರುವ ಕಡೆ ಗೊತ್ತಾಗುವುದಿಲ್ಲ. ಎಲ್ಲ ನಿಂತು ದನಿ ಒಂದೇ ಉಳಿದಾಗ ಹಿಂದೆ ಟಿಕ್ ಟಿಕ್ ಅಂತ ಇಣುಕುತ್ತದೆ. ಚೂಪು ಸದ್ದಿನ ಕ್ಲಿಕ್ ಆದರಂತೂ ಜಾಸ್ತಿ ಸೋರುತ್ತದೆ. ಮರದ ತುಂಡು ತಟ್ಟಿದಂಥ ಮೆತ್ತನೆ ಸದ್ದು ವಾಸಿ. ಒಮ್ಮೆ ಮೈಕಿಗೆ ಬಿದ್ದ ಟಿಕ್ಕನ್ನು ದನಿಯಿಂದ ಬಿಡಿಸಿ ತೆಗೆಯೋದು ಅಕ್ಕಿಯಿಂದ ಕಲ್ಲು ಆರಿಸಿದಷ್ಟು ಸುಲಭ ಅಲ್ಲ.

ಪತ್ರ ಉದ್ದ ಆಯಿತು. ನೀವು ಕತ್ತರಿ ಹಾಕುವುದಾದರೆ ಬೀಥೋವನ್ ಭಾಗಕ್ಕೆ ಹಾಕಿ, ಅಕ್ಕನ ಭಾಗ ಬಿಟ್ಟುಬಿಡಿ.

ಇನ್ನು ಲೇಖಕರು ಕೊಟ್ಟ ಉದಾಹರಣೆ. ‘ಯಾವ ಯಂತ್ರದ ಹಂಗೂ ಇಲ್ಲದೆ, ಹಾಡುವವರ ಉಸಿರಿನ ಜೊತೆ ಹೆಜ್ಜೆ ಹಾಕುವ ಲಯ’ ಅಂತ ಅವರು ಹೊಗಳಿದ ಆ ಹಾಡು ಅಕ್ಕ ಹಾಡಿದ್ದೇ. 71ರ ಹಾಡು. ಓದಿ ನನಗೆ ಖುಷಿಯೇ ಆಯಿತು, ಅಕ್ಕನಿಗೂ ಫೋನ್ ಮಾಡಿ ಓದಿ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು. ಅವತ್ತು ಕೊನೇ ಪದ ಮುಗಿದ ಕೂಡಲೇ ಕ್ಲಿಕ್ ನಿಲ್ಲಿಸಬೇಕಿದ್ದ ಹುಡುಗ ಅಕ್ಕನ ಹಾಡು ಕೇಳುತ್ತಾ ಮೈಮರೆತ. ಎರಡು ಪೆಟ್ಟು ತಡ ಆಯಿತು. ಅಕ್ಕನ ಹೆಡ್‌ಫೋನ್ ಎಂದಿನಂತೆ ಒಂದು ಬದಿ ಕಿವಿಯ ಹಿಂದಕ್ಕೆ ಸರಿದಿತ್ತು. ಇನ್ನೊಂದು ಟೇಕ್ ತಗೊಳ್ಳೋಣವಾ ಅಂತ ಅವನು ಕೇಳಿದ. ಇದಕ್ಕಿಂತ ಚೆನ್ನಾಗಿ ಮತ್ತೆ ಬರಲ್ಲ, ಇರಲಿ ಬಿಡು ಅಂದರು ಅಕ್ಕ.

ಲೇಖಕರು ಒಳ್ಳೇ ಇಯರ್‌ಫೋನ್ ಹಾಕಿಕೊಂಡು, ಕೊನೇ ಸಾಲು ಮುಗಿದು ಆಲಾಪ ಶುರುವಾಗುವ ಮೊದಲಿನ ಆ ಸಣ್ಣ ಮೌನವನ್ನು ಸದ್ದು ಏರಿಸಿ ಕೇಳಲಿ. ಎರಡು ಟಿಕ್ ಕೇಳಿಸುತ್ತದೆ. ತಿದ್ದುಪಡಿ ಏನೂ ಹಾಕಬೇಕಾಗಿಲ್ಲ.

ಇಂತಿ,
ರೆಕಾರ್ಡಿಂಗ್‌ಗಳಲ್ಲಿ ತಬಲಾ ನುಡಿಸುವ ನಿಮ್ಮ ಒಬ್ಬ ಓದುಗ